ಟೇಪಿನಲ್ಲಿ ಉಳಿದ ರಾತ್ರಿಗಳು: ಗ್ರೇಟ್‌ಫುಲ್ ಡೆಡ್ ಕಥೆ, 10 ಪೋಸ್ಟ್‌ಗಳಲ್ಲಿ

1/10
ಒಂದು ಬ್ಯಾಂಡ್. 30 ವರ್ಷ. ಸುಮಾರು 2,300 ಕಾರ್ಯಕ್ರಮ. ಇಷ್ಟೆಲ್ಲ ಮಾಡಿದ ಮೇಲೆ ಅಮೆರಿಕದ ಟಾಪ್ 40 ಪಟ್ಟಿ ಹತ್ತಿದ ಅವರ ಹಾಡು ಎಷ್ಟು ಗೊತ್ತಾ? ಒಂದೇ ಒಂದು. 'ಟಚ್ ಆಫ್ ಗ್ರೇ', 1987ರಲ್ಲಿ, 9ನೇ ಸ್ಥಾನ. ಅಷ್ಟೊತ್ತಿಗೆ ಬ್ಯಾಂಡಿಗೆ 22 ವರ್ಷ ಆಗಿತ್ತು!

ಹೆಸರು ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಶುರುವಾಯ್ತು. ಗಿಟಾರ್‌ನಲ್ಲಿ ಜೆರ್ರಿ ಗಾರ್ಸಿಯಾ ಮತ್ತು ಬಾಬ್ ವೀರ್, ಬೇಸ್ ಗಿಟಾರ್ ಫಿಲ್ ಲೆಶ್, ಡ್ರಮ್ಸ್ ಬಿಲ್ ಕ್ರೂಟ್ಜ್‌ಮನ್, ಆರ್ಗನ್ ಮತ್ತು ಹಾಡು ಪಿಗ್‌ಪೆನ್. 1967ರಲ್ಲಿ ಎರಡನೇ ಡ್ರಮ್ಮರ್ ಆಗಿ ಮಿಕ್ಕಿ ಹಾರ್ಟ್ ಸೇರಿಕೊಂಡ. 1995ರ ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡಾಗ ಕಥೆ ಮುಗೀತು.

ಹಾಗಾದ್ರೆ ಇವರು ದೊಡ್ಡವರಾಗಿದ್ದು ಹೇಗೆ? ವೇದಿಕೆ ಮೇಲೆ. ಒಂದು ಹಾಡನ್ನ ಇವರು ಎರಡು ಸಲ ಒಂದೇ ಥರ ನುಡಿಸ್ತಿರಲಿಲ್ಲ. ಇವತ್ತು ಯಾವ ಹಾಡುಗಳು, ಯಾವುದರ ಹಿಂದೆ ಯಾವುದು ಅನ್ನೋದು ಬಹುಪಾಲು ಅಲ್ಲೇ ತೀರ್ಮಾನ ಆಗ್ತಿತ್ತು. ಹಾಡಿನ ಮಧ್ಯೆ ಸಾಹಿತ್ಯ ಬಿಟ್ಟು ವಾದ್ಯಗಳು ತಮ್ಮಷ್ಟಕ್ಕೆ ಮಾತಾಡ್ಕೊಂಡು ಹತ್ತು, ಇಪ್ಪತ್ತು ನಿಮಿಷ ಎಲ್ಲೆಲ್ಲೋ ಹೋಗಿ ವಾಪಸ್ ಬರ್ತಿದ್ವು. ನಮ್ಮಲ್ಲಿ ಜುಗಲ್‌ಬಂದಿ ಕೇಳಿದವರಿಗೆ ಇದನ್ನ ಜಾಸ್ತಿ ವಿವರಿಸಬೇಕಾಗಿಲ್ಲ. ರಾಕ್ ಸಂಗೀತದಲ್ಲಿ ಇದನ್ನೇ ಜಾಮ್ ಅಂತಾರೆ, ಹೀಗೆ ನುಡಿಸೋರು ಜಾಮ್ ಬ್ಯಾಂಡ್.

ಆದ್ರೆ ಹೀಗೆ ನುಡಿಸಿದ್ದು ಆ ರಾತ್ರಿಗೇ ಮುಗಿದುಹೋಗುತ್ತೆ. ಯಾರಾದ್ರೂ ರೆಕಾರ್ಡ್ ಮಾಡಿದ್ರೆ ಮಾತ್ರ ಉಳಿಯುತ್ತೆ. ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಲೈವ್ ರೆಕಾರ್ಡಿಂಗ್‌ಗಳ ಬಗ್ಗೆ ಹೇಳ್ತೀನಿ. ಜೊತೆಗೆ ಇನ್ನೊಂದು ಪ್ರಶ್ನೆ ಇಟ್ಕೊಂಡು ಹೋಗೋಣ: ಆ ಟೇಪ್‌ಗಳನ್ನ ಮಾಡಿದ್ದು ಯಾರು, ಉಳಿಸಿದ್ದು ಯಾರು, ಅದರ ಬೆಲೆ ಕಟ್ಟಿದ್ದು ಯಾರು?

2/10
ಮೊದಲನೇದು: ಸಾಲ ತೀರಿಸೋಕೆ ಬಂದ ಆಲ್ಬಮ್. 'ಲೈವ್/ಡೆಡ್', 1969.

ಆ ವರ್ಷ ಬ್ಯಾಂಡ್ 'ಆಕ್ಸೊಮಾಕ್ಸೋವಾ' ಅನ್ನೋ ಸ್ಟುಡಿಯೋ ಆಲ್ಬಮ್ ಮಾಡ್ತಿತ್ತು. ಅರ್ಧ ಕೆಲಸ ಆದಾಗ 16 ಟ್ರ್ಯಾಕ್‌ನ ಹೊಸ ರೆಕಾರ್ಡಿಂಗ್ ಯಂತ್ರ ಬಂತು. 16 ಟ್ರ್ಯಾಕ್ ಅಂದ್ರೆ 16 ಬೇರೆ ಬೇರೆ ಸಾಲುಗಳಲ್ಲಿ ವಾದ್ಯ, ದನಿಗಳನ್ನ ಪ್ರತ್ಯೇಕವಾಗಿ ಹಿಡಿದಿಡಬಹುದು. ಇವರಿಗೆ ಖುಷಿಯಾಗಿ, ಮಾಡಿದ್ದನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದ್ರು. ಖರ್ಚು ಸುಮಾರು 1,80,000 ಡಾಲರ್! ಆ ಕಾಲಕ್ಕೆ ಅದು ಭಯಂಕರ ಮೊತ್ತ. ಕೊಟ್ಟಿದ್ದು ರೆಕಾರ್ಡ್ ಕಂಪನಿ ವಾರ್ನರ್ ಬ್ರದರ್ಸ್. ಇಲ್ಲೊಂದು ವಿಷಯ, ನಮ್ಮ ಬಿಕಾಂ ಬುದ್ಧಿಗೆ ತಕ್ಷಣ ಹೊಳೆಯೋದು: ರೆಕಾರ್ಡ್ ಕಂಪನಿ ಕೊಡೋ ದುಡ್ಡು ಉಡುಗೊರೆ ಅಲ್ಲ, ಮುಂಗಡ. ಬ್ಯಾಂಡಿನ ಲೆಕ್ಕದಲ್ಲಿ ಅದು ಸಾಲ.

ಈಗ ಏನ್ಮಾಡೋದು? ಅದೇ 16 ಟ್ರ್ಯಾಕ್ ಯಂತ್ರವನ್ನ ಸ್ಯಾನ್ ಫ್ರಾನ್ಸಿಸ್ಕೋದ ಅವಲಾನ್ ಬಾಲ್‌ರೂಮ್‌ಗೆ, ಫಿಲ್‌ಮೋರ್ ವೆಸ್ಟ್‌ಗೆ ಹೊತ್ಕೊಂಡು ಹೋದ್ರು. ಹೇಗಿದ್ರೂ ದಿನಾ ನುಡಿಸ್ತೀವಿ, ಅದನ್ನೇ ಹಿಡಿದ್ರೆ ಸ್ಟುಡಿಯೋ ಬಾಡಿಗೆ ಉಳಿಯುತ್ತೆ! 16 ಟ್ರ್ಯಾಕ್‌ನಲ್ಲಿ ಹಿಡಿದ ಮೊಟ್ಟಮೊದಲ ಲೈವ್ ರಾಕ್ ಆಲ್ಬಮ್ ಹುಟ್ಟಿದ್ದು ಹೀಗೆ.

ಇದರಲ್ಲಿ ಕೇಳಬೇಕಾದ್ದು 'ಡಾರ್ಕ್ ಸ್ಟಾರ್', 1969ರ ಫೆಬ್ರವರಿ 27, ಫಿಲ್‌ಮೋರ್ ವೆಸ್ಟ್. ಹಿಂದಿನ ವರ್ಷ ಇದೇ ಹಾಡು ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಸಿಂಗಲ್ ಆಗಿ ಬಂದು ಯಾರ ಕಿವಿಗೂ ಬಿದ್ದಿರಲಿಲ್ಲ. ಇಲ್ಲಿ ಅದು 23 ನಿಮಿಷ. ಮೊದಲ ಐದು ನಿಮಿಷ ಹಾಡೇ ಶುರುವಾಗಲ್ಲ. ಅವಸರ ಮಾಡಬೇಡಿ. ಲೆಶ್‌ನ ಬೇಸ್ ಗಿಟಾರ್ ಮೇಲೆ ಕಿವಿ ಇಡಿ. ಅದು ತಾಳಕ್ಕೆ ಸಾಥ್ ಕೊಟ್ಕೊಂಡು ಸುಮ್ಮನೆ ಕೂರಲ್ಲ, ಗಾರ್ಸಿಯಾ ಜೊತೆ ಸರಿಸಮಾನವಾಗಿ ಮಾತಿಗೆ ಇಳಿಯುತ್ತೆ.

ರೆಕಾರ್ಡಿಂಗ್ ಮಾಡಿದವರು ಬಾಬ್ ಮ್ಯಾಥ್ಯೂಸ್ ಮತ್ತು ಬೆಟ್ಟಿ ಕ್ಯಾಂಟರ್. ಎರಡನೇ ಹೆಸರು ನೆನಪಿಟ್ಕೊಳ್ಳಿ. ಈ ಕಥೆಯ ನಿಜವಾದ ನಾಯಕಿ ಆಕೆ.

3/10
ಇದು ನಮ್ಮಂಥ ಸ್ಟೂಡೆಂಟ್ಸ್ ಕಾರ್ಯಕ್ರಮ. 1970ರ ಮೇ 2, ಹಾರ್ಪರ್ ಕಾಲೇಜು, ಬಿಂಗ್‌ಹ್ಯಾಮ್‌ಟನ್, ನ್ಯೂಯಾರ್ಕ್ ರಾಜ್ಯ.

ದಿನಾಂಕ ಇನ್ನೊಂದು ಸಲ ನೋಡಿ. ಎರಡು ದಿನ ಮುಂಚೆ, ಏಪ್ರಿಲ್ 30ರಂದು, ವಿಯೆಟ್ನಾಂ ಯುದ್ಧವನ್ನ ಪಕ್ಕದ ಕಾಂಬೋಡಿಯಾಕ್ಕೂ ಒಯ್ಯುವುದಾಗಿ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಹೇಳಿದ್ದ. ಕಾಲೇಜುಗಳಲ್ಲಿ ಬೆಂಕಿ ಹತ್ತಿಕೊಂಡಿತ್ತು. ಎರಡು ದಿನ ಆದಮೇಲೆ, ಮೇ 4ರಂದು, ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳು ಸತ್ತರು. ಅದರ ಬೆನ್ನಿಗೇ ದೇಶದ ಉದ್ದಗಲಕ್ಕೂ ಕಾಲೇಜು ಮುಷ್ಕರ. ಮೇ 6ರಂದು ಇದೇ ಬ್ಯಾಂಡ್ ಎಂಐಟಿ ಕ್ಯಾಂಪಸ್ಸಿನಲ್ಲಿ, ಮುಷ್ಕರದ ನಡುವೆ, ಬಯಲಲ್ಲಿ ಬಿಟ್ಟಿಯಾಗಿ ನುಡಿಸಿತು.

ಹಾರ್ಪರ್ ರಾತ್ರಿ ಇದೆಯಲ್ಲ, ಅದು ಈ ಎರಡು ದಿನಾಂಕಗಳ ನಡುವೆ ಸಿಕ್ಕಿಹಾಕಿಕೊಂಡಿದೆ. ಕಾಲೇಜಿನ ಜಿಮ್ನಾಷಿಯಂ ಒಳಗೆ ಕಾರ್ಯಕ್ರಮ. ಮೊದಲು ಅಕೂಸ್ಟಿಕ್ ಗಿಟಾರ್ ಹಿಡಿದು ಕೂತು, ತಮಾಷೆ ಮಾಡ್ಕೊಂಡು ಹಾಡ್ತಾರೆ. ಕೇಳ್ತಿರೋ ಹುಡುಗ ಹುಡುಗಿಯರ ಕೂಗು, ನಗು ಎಲ್ಲ ಟೇಪಲ್ಲಿದೆ. ಆಮೇಲೆ ಎಲೆಕ್ಟ್ರಿಕ್ ವಾದ್ಯಗಳು. 'ದಟ್ಸ್ ಇಟ್ ಫಾರ್ ದಿ ಅದರ್ ಒನ್' ಬರೋ ಹೊತ್ತಿಗೆ ಎರಡು ಡ್ರಮ್ ಸೆಟ್‌ಗಳು ಸೇರಿ ನೆಲ ನಡುಗಿಸುತ್ವೆ.

ಇದು ರಾಜಕೀಯ ಭಾಷಣ ಮಾಡೋ ಬ್ಯಾಂಡ್ ಆಗಿರಲಿಲ್ಲ. ಈ ಟೇಪಿನಲ್ಲೂ ಘೋಷಣೆ ಇಲ್ಲ. ಆದ್ರೆ ಇನ್ನೆರಡು ದಿನಕ್ಕೆ ಏನಾಗುತ್ತೆ ಅಂತ ನಮಗೆ ಗೊತ್ತು, ಅಲ್ಲಿ ನಗ್ತಾ ಇರೋರಿಗೆ ಗೊತ್ತಿಲ್ಲ. ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನವರು ಅವರು. ಲೈವ್ ರೆಕಾರ್ಡಿಂಗ್ ಯಾಕೆ ಇತಿಹಾಸದ ದಾಖಲೆ ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನ ಹಾಕಿ ಕೇಳಿಸ್ತೀನಿ. ಈ ಕಾರ್ಯಕ್ರಮ 'ಡಿಕ್ಸ್ ಪಿಕ್ಸ್' ಸರಣಿಯ 8ನೇ ಸಂಪುಟದಲ್ಲಿದೆ.

4/10
ಯೂರೋಪ್ '72. ಒಂದು ಪ್ರವಾಸ, 22 ಕಾರ್ಯಕ್ರಮ, ಎಲ್ಲಾ ರೆಕಾರ್ಡ್!

1972ರ ಏಪ್ರಿಲ್ ಮತ್ತು ಮೇ. ಬ್ಯಾಂಡ್, ಕೆಲಸದವರು, ಸಂಸಾರ, ಸ್ನೇಹಿತರು, ಒಂದು ಊರಿಗೆ ಊರೇ ಎದ್ದು ಯೂರೋಪಿಗೆ ಹೊರಟ ಹಾಗೆ ಹೊರಟ್ರು. ಇಷ್ಟು ಜನರ ಖರ್ಚು ಗಿಟ್ಟೋದು ಹೇಗೆ? ಮತ್ತೆ ಅದೇ ಉಪಾಯ. 16 ಟ್ರ್ಯಾಕ್ ಯಂತ್ರ ಜೊತೆಗೇ ಹೋಯ್ತು, ಪ್ರತಿ ರಾತ್ರಿಯನ್ನೂ ಹಿಡೀತು. ಯಂತ್ರ ನೋಡ್ಕೊಂಡವರಲ್ಲಿ ಬೆಟ್ಟಿ ಕ್ಯಾಂಟರ್ ಕೂಡ ಇದ್ದಳು. ಆ ವರ್ಷ ನವೆಂಬರ್‌ನಲ್ಲಿ ಮೂರು ಎಲ್‌ಪಿಗಳ 'ಯೂರೋಪ್ '72' ಬಂತು.

ಒಂದು ಗುಟ್ಟು: ಆ ಆಲ್ಬಮ್ಮಿನ ಹಾಡುಗಾರಿಕೆಯಲ್ಲಿ ತುಂಬಾ ಭಾಗವನ್ನ ಊರಿಗೆ ವಾಪಸ್ ಬಂದಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದ್ದಾರೆ. ವಾದ್ಯ ಯೂರೋಪಿನದು, ದನಿ ಕ್ಯಾಲಿಫೋರ್ನಿಯಾದ್ದು. ಹಾಗಾಗಿ 'ಲೈವ್' ಅನ್ನೋ ಪದ ಕವರ್ ಮೇಲೆ ಕಂಡ ತಕ್ಷಣ ಪೂರ್ತಿ ನಂಬಬೇಡಿ, ಯಾವುದೇ ಬ್ಯಾಂಡಿನದಾದ್ರೂ ಸರಿ.

ನನ್ನ ಆಯ್ಕೆ ಪ್ರವಾಸದ ಕೊನೇ ರಾತ್ರಿ, ಮೇ 26, ಲಂಡನ್ನಿನ ಲೈಸಿಯಂ. ಆಲ್ಬಮ್ಮಿನಲ್ಲಿರೋ 'ಮಾರ್ನಿಂಗ್ ಡ್ಯೂ' ಆ ರಾತ್ರಿಯದು. ಅಣುಬಾಂಬ್ ಬಿದ್ದ ಮೇಲೆ ಉಳಿದವರು ಮಾತಾಡೋ ಹಾಡದು. ಬರೆದಿದ್ದು ಕೆನಡಾದ ಬಾನಿ ಡಾಬ್ಸನ್. ಗಾರ್ಸಿಯಾ ಅದನ್ನ ಎಷ್ಟು ನಿಧಾನಕ್ಕೆ ತಗೊಂಡು ಹೋಗ್ತಾನೆ ಅಂದ್ರೆ, ಒಂದೊಂದು ಸ್ವರದ ಮಧ್ಯೆ ನಾವು ಉಸಿರು ಬಿಡೋಕೆ ಕಾಯ್ತೀವಿ.

ಪಿಗ್‌ಪೆನ್‌ಗೆ ಇದೇ ಕೊನೆಯ ದೊಡ್ಡ ಪ್ರವಾಸ. ಆರೋಗ್ಯ ಆಗಲೇ ಕೆಟ್ಟಿತ್ತು. 1973ರ ಮಾರ್ಚ್‌ನಲ್ಲಿ ತೀರಿಕೊಂಡಾಗ 27 ವರ್ಷ.

2011ರಲ್ಲಿ ಎಲ್ಲಾ 22 ಕಾರ್ಯಕ್ರಮಗಳನ್ನ 73 ಸಿಡಿಗಳ ಪೆಟ್ಟಿಗೆಯಾಗಿ ತಂದ್ರು. 7,200 ಪ್ರತಿ ಮಾತ್ರ. ನಾಲ್ಕು ದಿನದೊಳಗೆ ಪೂರ್ತಿ ಖಾಲಿ! 39 ವರ್ಷ ಹಳೆಯ ಸಂಗೀತ, ಅದೂ ಬಹುತೇಕ ಅವವೇ ಹಾಡುಗಳು 22 ಸಲ. ಕೊಂಡವರಿಗೆ ಹುಚ್ಚಾ ಅಂತ ಕೇಳೋ ಮುಂಚೆ ಎರಡು ರಾತ್ರಿಯ ಒಂದೇ ಹಾಡನ್ನ ಹೋಲಿಸಿ ಕೇಳಿ. ಆಮೇಲೆ ಮಾತಾಡೋಣ.

5/10
ಒಂದು ಹಾಲಿನ ಡೈರಿ ಉಳಿಸೋಕೆ ನುಡಿಸಿದ ಕಥೆ. 1972ರ ಆಗಸ್ಟ್ 27, ವೆನೀಟಾ, ಓರೆಗಾನ್ ರಾಜ್ಯ.

ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಅಂತ ಒಂದು ಸಣ್ಣ ಡೈರಿ. ನಡೆಸ್ತಿದ್ದವನು ಚಕ್ ಕೀಸಿ, ಕಾದಂಬರಿಕಾರ ಕೆನ್ ಕೀಸಿಯ ತಮ್ಮ. ಬ್ಯಾಂಡ್ ಶುರುವಾದ ಕಾಲದಿಂದ ಕೆನ್ ಇವರಿಗೆ ದೋಸ್ತ್. ಡೈರಿ ನಷ್ಟದಲ್ಲಿತ್ತು, ಕೈಯಲ್ಲಿ ಕಾಸಿಲ್ಲ. ಹೋಗಿ ಕೇಳಿದ್ರು, ಬ್ಯಾಂಡ್ ಒಪ್ಪಿಕೊಂಡಿತು. ಟಿಕೆಟ್ ಅಚ್ಚು ಹಾಕಿಸಿದ್ದು ಯಾವುದರ ಮೇಲೆ ಗೊತ್ತಾ? ಡೈರಿಯ ಮೊಸರಿನ ಲೇಬಲ್ ಮೇಲೆ!

ಬಯಲಿನಲ್ಲಿ ಕಾರ್ಯಕ್ರಮ. ಸಾವಿರಾರು ಜನ. ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ಕಾವಿಗೆ ಗಿಟಾರ್ ತಂತಿಗಳು ಶ್ರುತಿ ಬಿಡ್ತಿದ್ವು. ಸೂರ್ಯ ಇಳಿಯೋ ಹೊತ್ತಿಗೆ 'ಡಾರ್ಕ್ ಸ್ಟಾರ್' ಶುರುವಾಗುತ್ತೆ, ಅರ್ಧ ಗಂಟೆ ದಾಟುತ್ತೆ. 1969ರ 'ಡಾರ್ಕ್ ಸ್ಟಾರ್' ಪಕ್ಕ ಇದನ್ನ ಇಟ್ಟು ನೋಡಿ. ಅದೇ ಹಾಡು, ಮೂರೂವರೆ ವರ್ಷದಲ್ಲಿ ಬೇರೆ ಪ್ರಾಣಿಯಾಗಿದೆ. ಹಾರ್ಟ್ ಆಗ ಬ್ಯಾಂಡ್ ಬಿಟ್ಟಿದ್ದ, ಡ್ರಮ್ಮರ್ ಒಬ್ಬನೇ. ಪಿಯಾನೋಗೆ ಕೀತ್ ಗಾಡ್‌ಶೋ ಬಂದಿದ್ದ. ಎರಡರ ಬದಲು ಒಂದು ಡ್ರಮ್ ಆದ್ದರಿಂದ ಸಂಗೀತ ಬೇಕೆಂದ ಕಡೆ ಸರಕ್ಕನೆ ತಿರುಗುತ್ತೆ.

ಇದರ ಸಿನಿಮಾ ಕೂಡ ತೆಗೆದಿದ್ರು, 'ಸನ್‌ಶೈನ್ ಡೇಡ್ರೀಮ್'. ದಶಕಗಟ್ಟಲೆ ಅಭಿಮಾನಿಗಳ ಕೈಯಿಂದ ಕೈಗೆ ಹರಿದಾಡಿದ ಇದು ಅಧಿಕೃತವಾಗಿ ಬಂದಿದ್ದು 2013ರಲ್ಲಿ.

ಡೈರಿ ಏನಾಯ್ತು? ಉಳೀತು. ಇವತ್ತಿಗೂ ಇದೆ. ಅದರ ಮೊಸರಿನ ಬ್ರ್ಯಾಂಡ್ ಹೆಸರು 'ನ್ಯಾನ್ಸೀಸ್'. ಯಾರು ಈ ನ್ಯಾನ್ಸಿ? ಡೈರಿಯ ಲೆಕ್ಕಪತ್ರ ಬರೀತಿದ್ದ ನ್ಯಾನ್ಸಿ ಹ್ಯಾಮ್ರೆನ್. ಮೊಸರು ಮಾಡೋ ವಿಧಾನ ಆಕೆಯದು. ಬಿಕಾಂ ಓದ್ತಿರೋ ಎಲ್ಲರೂ ಇದನ್ನ ಸೇವ್ ಮಾಡ್ಕೊಳ್ಳಿ: ಅಕೌಂಟೆಂಟ್ ಹೆಸರಲ್ಲಿ ಬ್ರ್ಯಾಂಡ್ ಇರೋದು ದಿನಾ ಸಿಗಲ್ಲ.

6/10
ಇನ್ನು ಸ್ಪೀಕರ್‌ಗಳ ಗೋಡೆ. 1974.

ಅಷ್ಟೊತ್ತಿಗೆ ಜನ ಹೆಚ್ಚಾಗಿದ್ರು, ಹಾಲ್‌ಗಳು ದೊಡ್ಡದಾಗಿದ್ವು, ಹಿಂದೆ ಕೂತವರಿಗೆ ಬರೀ ಗೌಜು. ಇದನ್ನ ಸರಿ ಮಾಡ್ತೀನಿ ಅಂತ ತಲೆಕೆಡಿಸಿಕೊಂಡವನು ಔಸ್ಲಿ ಸ್ಟ್ಯಾನ್ಲಿ. ಎಲ್ಲರೂ ಕರೀತಿದ್ದಿದ್ದು 'ಬೇರ್', ಕರಡಿ. ಈತ ಎಲ್‌ಎಸ್‌ಡಿ ತಯಾರಿಸಿ ಜೈಲಿಗೂ ಹೋಗಿ ಬಂದವನು, ಅದನ್ನ ಮುಚ್ಚಿಡೋದೇನಿಲ್ಲ. ಆದ್ರೆ ಶಬ್ದದ ವಿಷಯದಲ್ಲಿ ಕಿವಿ ಬಲು ಸೂಕ್ಷ್ಮ. ತಾನು ಸೌಂಡ್ ನೋಡ್ಕೊಂಡ ಕಾರ್ಯಕ್ರಮಗಳನ್ನೆಲ್ಲ ಟೇಪ್ ಮಾಡಿ, ಮುಗಿದ ಮೇಲೆ ಕೇಳಿ, ಎಲ್ಲಿ ತಪ್ಪಾಯ್ತು ಅಂತ ಹುಡುಕ್ತಿದ್ದ. ನಾವು ಕೇಳೋ ಎಷ್ಟೋ ಹಳೇ ಟೇಪ್‌ಗಳು ಹುಟ್ಟಿದ್ದು ಈ ಅಭ್ಯಾಸದಿಂದ.

ಬೇರ್ ಮತ್ತು ಗೆಳೆಯರು ಕಟ್ಟಿದ್ದೇ 'ವಾಲ್ ಆಫ್ ಸೌಂಡ್'. ಸುಮಾರು 600 ಸ್ಪೀಕರ್, ತೂಕ ಸುಮಾರು 75 ಟನ್. ಒಂದೊಂದು ವಾದ್ಯಕ್ಕೂ ಬೇರೆ ಸ್ಪೀಕರ್ ಸಾಲು. ಲೆಶ್‌ನ ಬೇಸ್ ಗಿಟಾರಿನ ಒಂದೊಂದು ತಂತಿಯನ್ನೂ ಬೇರೆ ಬೇರೆ ಸ್ಪೀಕರಿಗೆ ಕಳಿಸಬಹುದಿತ್ತು. ಗೋಡೆ ಇದ್ದಿದ್ದು ಕಲಾವಿದರ ಬೆನ್ನ ಹಿಂದೆ. ಹಾಗಾದ್ರೆ ಮೈಕಿಗೆ ಆ ಸದ್ದೆಲ್ಲ ನುಗ್ಗಿ ಕೀಂ ಅನ್ನಲ್ವಾ? ಅದಕ್ಕೆ ಒಬ್ಬೊಬ್ಬರಿಗೂ ಎರಡು ಮೈಕ್, ಒಂದಕ್ಕೊಂದು ಉಲ್ಟಾ ಜೋಡಿಸಿದ್ದು. ಹಾಡೋದು ಒಂದೇ ಮೈಕಿಗೆ. ಹಿಂದಿನ ಸದ್ದು ಎರಡಕ್ಕೂ ಸಮನಾಗಿ ಬಂದು ಒಂದನ್ನೊಂದು ಹೊಡೆದುಹಾಕುತ್ತೆ, ದನಿ ಮಾತ್ರ ಉಳಿಯುತ್ತೆ.

ಶಬ್ದ ಅದ್ಭುತ. ಲೆಕ್ಕ? ಅನಾಹುತ. ಕಟ್ಟೋಕೆ, ಬಿಚ್ಚೋಕೆ ತುಂಬಾ ಹೊತ್ತು ಬೇಕು ಅಂತ ಎರಡು ಅಟ್ಟಣೆ ಸೆಟ್ ಇಟ್ಕೊಂಡ್ರು. ಒಂದರ ಮೇಲೆ ಇಲ್ಲಿ ನುಡಿಸ್ತಿದ್ರೆ ಇನ್ನೊಂದು ಮುಂದಿನ ಊರಲ್ಲಿ ಏಳ್ತಿತ್ತು. ಲಾರಿ, ಡೀಸೆಲ್, ಕೂಲಿ. ಮೂರು ಜನ ಬಂದ್ರೂ ಮೂವತ್ತು ಸಾವಿರ ಜನ ಬಂದ್ರೂ ಈ ಖರ್ಚು ಇಳಿಯಲ್ಲ. ಫಿಕ್ಸೆಡ್ ಕಾಸ್ಟ್ ಅಂದ್ರೆ ಇದೇ!

ಒಂದೇ ವರ್ಷದಲ್ಲಿ ಬ್ಯಾಂಡ್ ಸುಸ್ತು. 1974ರ ಅಕ್ಟೋಬರ್ 16ರಿಂದ 20, ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಐದು ವಿದಾಯದ ರಾತ್ರಿ. ಕೊನೇ ದಿನದ ಟಿಕೆಟ್ ಮೇಲೆ 'ಇದೇ ಕೊನೆಯದು' ಅಂತ ಮುದ್ರೆ. ಗಾರ್ಸಿಯಾ ನಿರ್ದೇಶಿಸಿದ 'ದಿ ಗ್ರೇಟ್‌ಫುಲ್ ಡೆಡ್ ಮೂವಿ'ಯಲ್ಲಿ ಈ ರಾತ್ರಿಗಳು, ಆ ಗೋಡೆ ಎರಡೂ ಇವೆ. ನೋಡಿ.

7/10
ಭಾರತಕ್ಕೂ ಇದಕ್ಕೂ ಒಂದು ನೆಂಟಸ್ತನ ಇದೆ. ಸುಮ್ಮನೆ ಎಳೆದು ತರ್ತಿಲ್ಲ, ಕೇಳಿ.

1960ರ ದಶಕದ ಕೊನೆಯಲ್ಲಿ ಡ್ರಮ್ಮರ್ ಮಿಕ್ಕಿ ಹಾರ್ಟ್‌ಗೆ ಉಸ್ತಾದ್ ಅಲ್ಲಾ ರಖಾ ಪರಿಚಯ ಆಯ್ತು. ರವಿಶಂಕರ್ ಜೊತೆ ತಬಲಾ ನುಡಿಸ್ತಿದ್ದವರು. ನಾಲ್ಕರ ಲೆಕ್ಕದಲ್ಲೇ ಬೆಳೆದ ರಾಕ್ ಡ್ರಮ್ಮರ್‌ಗೆ ಹತ್ತು, ಹನ್ನೊಂದು, ಹದಿಮೂರು ಮಾತ್ರೆಗಳ ಲೋಕ ತೆರೆದುಕೊಂಡಿತು. 'ಲೈವ್/ಡೆಡ್'ನಲ್ಲಿ 'ದಿ ಇಲೆವೆನ್' ಅಂತ ಒಂದು ಹಾಡಿದೆ. ಹೆಸರೇ ಹನ್ನೊಂದು. ತಾಳವೂ ಹನ್ನೊಂದರದು. ಕೈಬೆರಳಲ್ಲಿ ಎಣಿಸ್ಕೊಂಡು ಕೇಳಿ, ಮಜಾ ಇದೆ.

ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಅಲಿ ಅಕ್ಬರ್ ಖಾನ್ ಅವರ ಸಂಗೀತ ಕಾಲೇಜಿನಲ್ಲಿ ತಬಲಾ ಹೇಳಿಕೊಡ್ತಿದ್ರು. ಅವರೂ ಹಾರ್ಟೂ ಸೇರಿ ದಿಗಾ ರಿದಮ್ ಬ್ಯಾಂಡ್ ಅನ್ನೋ ತಾಳವಾದ್ಯ ತಂಡ ಕಟ್ಟಿದ್ರು. 1976ರಲ್ಲಿ ಬಂದ 'ದಿಗಾ' ಆಲ್ಬಮ್ಮಿನಲ್ಲಿ 'ಹ್ಯಾಪಿನೆಸ್ ಇಸ್ ಡ್ರಮ್ಮಿಂಗ್' ಅಂತ ಒಂದು ತುಣುಕಿದೆ, ಗಾರ್ಸಿಯಾ ಗಿಟಾರ್ ನುಡಿಸಿದ್ದಾನೆ. ಅದಕ್ಕೆ ಮಾತು ಸೇರಿ ಆಮೇಲೆ ಗ್ರೇಟ್‌ಫುಲ್ ಡೆಡ್‌ನ 'ಫೈರ್ ಆನ್ ದಿ ಮೌಂಟನ್' ಆಯ್ತು.

ಅಂದ್ರೆ ಮುಂದಿನ ಪೋಸ್ಟಿನಲ್ಲಿ ನಾನು ಹೇಳೋ, ಈ ಬ್ಯಾಂಡಿನ ಅತಿ ಪ್ರಸಿದ್ಧ ಲೈವ್ ಗಳಿಗೆಯ ಬೇರಿನಲ್ಲಿ ಜಾಕಿರ್ ಹುಸೇನ್ ಇದ್ದ ಒಂದು ತಂಡ ಇದೆ. ಗೊತ್ತಿತ್ತಾ?

ಈ ಗೆಳೆತನ ಅಲ್ಲಿಗೇ ನಿಲ್ಲಲಿಲ್ಲ. 1991ರಲ್ಲಿ ಹಾರ್ಟ್ 'ಪ್ಲಾನೆಟ್ ಡ್ರಮ್' ಆಲ್ಬಮ್ ತಂದಾಗ ಅದರಲ್ಲಿ ಜಾಕಿರ್ ಇದ್ರು, ಘಟಂ ವಿದ್ವಾನ್ ವಿಕ್ಕು ವಿನಾಯಕರಾಂ ಇದ್ರು. ವರ್ಲ್ಡ್ ಮ್ಯೂಸಿಕ್ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಬಂದಿದ್ದು ಅದಕ್ಕೇ. ಜಾಕಿರ್ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದೂ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ.

8/10
ಈಗ ಬಂತು ನೋಡಿ. 1977ರ ಮೇ 8, ಬಾರ್ಟನ್ ಹಾಲ್, ಕಾರ್ನೆಲ್ ವಿಶ್ವವಿದ್ಯಾಲಯ.

ಅವತ್ತು ಭಾನುವಾರ, ಅಮ್ಮಂದಿರ ದಿನ. ಮೇ ತಿಂಗಳಲ್ಲೂ ಹೊರಗೆ ಹಿಮ ಬಿತ್ತಂತೆ. ಬಾರ್ಟನ್ ಹಾಲ್ ಅನ್ನೋದು ಸೈನಿಕ ಕವಾಯತಿಗೆ ಕಟ್ಟಿದ ಗೋಡೌನ್ ಥರದ ಕಟ್ಟಡ, ಸಂಗೀತಕ್ಕೆ ಹೇಳಿ ಮಾಡಿಸಿದ್ದೇನಲ್ಲ. ಆದ್ರೂ ಈ ಬ್ಯಾಂಡಿನ ಅತ್ಯುತ್ತಮ ಕಾರ್ಯಕ್ರಮ ಯಾವುದು ಅಂತ ಕೇಳಿದ್ರೆ ಮೊದಲು ಬರೋ ಹೆಸರು ಇದೇ.

ಯಾಕೆ ಇಷ್ಟು ಚೆನ್ನಾಗಿದೆ? ಕಾರಣಗಳಿವೆ. ಹಾರ್ಟ್ ವಾಪಸ್ ಬಂದು ಎರಡು ಡ್ರಮ್ಮುಗಳು ಒಂದಕ್ಕೊಂದು ಹೊಂದಿಕೊಂಡಿದ್ವು. ಆ ವರ್ಷದ ಮೊದಲ ತಿಂಗಳುಗಳಲ್ಲಿ 'ಟೆರಾಪಿನ್ ಸ್ಟೇಷನ್' ಆಲ್ಬಮ್ಮಿಗಾಗಿ ನಿರ್ಮಾಪಕ ಕೀತ್ ಓಲ್ಸನ್ ಕೈಯಲ್ಲಿ ಸಿಕ್ಕಿ ಚೆನ್ನಾಗಿ ತಾಲೀಮು ಮಾಡಿದ್ರು. ಆ ಶಿಸ್ತು ಮೈಯಲ್ಲಿ ಇರುವಾಗಲೇ ಪ್ರವಾಸ ಹೊರಟ್ರು.

ಎರಡನೇ ಭಾಗದ ಶುರುವಿನಲ್ಲಿ ಮುಂದೆ ನಿಂತವರು ನೂಕುನುಗ್ಗಲಲ್ಲಿ ಅಪ್ಪಚ್ಚಿ ಆಗ್ತಿದ್ದಾರೆ ಅಂತ ಬ್ಯಾಂಡ್ ತಮಾಷೆಯಾಗಿ, ಎಲ್ಲರೂ ಒಂದು ಹೆಜ್ಜೆ ಹಿಂದೆ ಹೋಗಿ ಅಂತ ಕೇಳ್ಕೊಳ್ಳುತ್ತೆ. ಅದೂ ಟೇಪಲ್ಲಿದೆ. ತಕ್ಷಣ 'ಸ್ಕಾರ್ಲೆಟ್ ಬಿಗೋನಿಯಾಸ್'. ಅದು ಮುಗಿಯಲ್ಲ. ಅದರೊಳಗಿಂದಲೇ ಮೆಲ್ಲಗೆ 'ಫೈರ್ ಆನ್ ದಿ ಮೌಂಟನ್' ಎದ್ದು ಬರುತ್ತೆ. ಯಾವ ಕ್ಷಣಕ್ಕೆ ಹಾಡು ಬದಲಾಯ್ತು ಅಂತ ಬೆರಳಿಟ್ಟು ತೋರಿಸಿ ನೋಡೋಣ! ಎರಡೂ ಸೇರಿ ಸುಮಾರು 25 ನಿಮಿಷ. ಎರಡನೇ ಭಾಗದ ಕೊನೆಗೆ 'ಮಾರ್ನಿಂಗ್ ಡ್ಯೂ'. 1972ರ ಲಂಡನ್ನಿನದು ತಣ್ಣಗಿನ ದುಃಖ, ಇದು ಕಟ್ಟೆ ಒಡೆದ ನೀರು.

ಇನ್ನೊಂದು ಕಾರಣ ಇದೆ, ಅದನ್ನ ಬಹಳ ಜನ ಹೇಳೋದಿಲ್ಲ. ಇದೇ ಮೇ ತಿಂಗಳ ಬೇರೆ ರಾತ್ರಿಗಳೂ ಇಷ್ಟೇ ಚೆನ್ನಾಗಿದ್ವು ಅಂತ ವಾದಿಸೋ ಅಭಿಮಾನಿಗಳಿದ್ದಾರೆ. ಕಾರ್ನೆಲ್ ಮಾತ್ರ ಯಾಕೆ ದಂತಕಥೆ ಆಯ್ತು? ಟೇಪ್ ಅಷ್ಟು ಸ್ವಚ್ಛವಾಗಿತ್ತು, ಮತ್ತೆ ಅದು ಬಹಳ ಜನರ ಕೈಗೆ ಸಿಕ್ತು. ರೆಕಾರ್ಡ್ ಮಾಡಿದ್ದು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಸಿಕ್ಕಿದ್ದು ಹೇಗೆ ಅನ್ನೋದು ಮುಂದಿನ ಪೋಸ್ಟ್.

9/10
ಬೆಟ್ಟಿಯ ಟೇಪ್‌ಗಳು.

ಬೆಟ್ಟಿ 1960ರ ದಶಕದ ಕೊನೆಯಿಂದಲೇ ಈ ಬ್ಯಾಂಡಿನ ಸುತ್ತ ಕೆಲಸ ಮಾಡಿದವಳು. ಸೌಂಡ್ ವಿಭಾಗ ಅಂದ್ರೆ ಗಂಡಸರದ್ದೇ ಅನ್ನೋ ಕಾಲ ಅದು. 1970ರ ದಶಕದಲ್ಲಿ ರಾತ್ರಿ ರಾತ್ರಿ ಕೂತು, ವಾದ್ಯಗಳನ್ನ ತನ್ನ ಕಿವಿಗೆ ಸರಿ ಅನ್ನಿಸೋ ಹಾಗೆ ಮಿಕ್ಸ್ ಮಾಡಿ ನೇರವಾಗಿ ರೀಲ್ ಟೇಪಿಗೆ ಇಳಿಸ್ತಿದ್ದಳು. (ನಾವು ದಿನಾ ಸ್ಕ್ರಾಲ್ ಮಾಡೋ ರೀಲ್ ಅಲ್ಲ, ಸುತ್ತಿಟ್ಟ ಟೇಪು!) ಆಮೇಲೆ ಸರಿಪಡಿಸೋ ಅವಕಾಶ ಇಲ್ಲ. ಆ ಗಳಿಗೆಯ ನಿರ್ಧಾರವೇ ಕೊನೆಯದು. ಒಂದು ರೀತಿಯಲ್ಲಿ ಆಕೆಯೂ ಅಲ್ಲಿ ನುಡಿಸ್ತಾನೇ ಇದ್ದಳು.

ಬ್ಯಾಂಡಿನ ಕೆಲಸ ಬಿಟ್ಟುಹೋದ ಮೇಲೆ ಹಣದ ಕಷ್ಟ ಬಂತು. ಸಾಮಾನೆಲ್ಲ ಬಾಡಿಗೆ ಗೋದಾಮಿನಲ್ಲಿತ್ತು. ಬಾಡಿಗೆ ಕಟ್ಟೋಕೆ ಆಗಲಿಲ್ಲ. 1986ರಲ್ಲಿ ಒಳಗಿದ್ದದ್ದನ್ನ ಹರಾಜು ಹಾಕಿದ್ರು. ಅದರಲ್ಲಿ ಸುಮಾರು ಸಾವಿರ ರೀಲ್! ಕೊಂಡವರು ಬೇರೆ ಬೇರೆ ಜನ. ಅವರಿಂದ ಅಭಿಮಾನಿಗಳ ಕೈಗೆ ಬಂದು, ಪ್ರತಿ ಮೇಲೆ ಪ್ರತಿಯಾಗಿ ಹರಡಿದ್ವು. 'ಬೆಟ್ಟಿ ಬೋರ್ಡ್ಸ್' ಅನ್ನೋ ಹೆಸರು ಅಭಿಮಾನಿಗಳ ಬಾಯಲ್ಲಿ ಗುಣಮಟ್ಟದ ಮುದ್ರೆ ಆಯ್ತು.

ಹರಡೋಕೆ ದಾರಿ ಆಗಲೇ ಸಿದ್ಧವಾಗಿತ್ತು. 1970ರ ದಶಕದ ಆರಂಭದಿಂದಲೇ ಅಭಿಮಾನಿಗಳು ಕದ್ದುಮುಚ್ಚಿ ಟೇಪ್ ರೆಕಾರ್ಡರ್ ಒಳಗೆ ತಂದು ರೆಕಾರ್ಡ್ ಮಾಡಿ, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ತಿದ್ರು. ನಿಯಮ ಒಂದೇ: ದುಡ್ಡು ತಗೋಬಾರದು. ಹೊಸಬನ ಹತ್ರ ಬದಲಿಗೆ ಕೊಡೋಕೆ ಟೇಪ್ ಇಲ್ವಾ? ಖಾಲಿ ಕ್ಯಾಸೆಟ್, ಅಂಚೆ ಖರ್ಚು ಕಳಿಸು, ಸಾಕು. 1984ರ ಅಕ್ಟೋಬರ್‌ನಲ್ಲಿ ಬ್ಯಾಂಡ್ ಇದನ್ನ ಒಪ್ಪಿಕೊಂಡು, ರೆಕಾರ್ಡ್ ಮಾಡೋರಿಗೆ ಅಂತಲೇ ಬೇರೆ ಜಾಗ ಬಿಟ್ಟುಕೊಡ್ತು.

ಲೆಕ್ಕದ ಪುಸ್ತಕದ ಪ್ರಕಾರ ಇದು ಹುಚ್ಚು. ಮಾರೋ ಸರಕನ್ನ ಬಿಟ್ಟಿ ಹಂಚೋದಾ? ಆದ್ರೆ ಟೇಪ್ ಕೇಳಿದವರು ಟಿಕೆಟ್ ಕೊಂಡು ಬಂದ್ರು. 1990ರ ದಶಕದ ಮೊದಲ ವರ್ಷಗಳಲ್ಲಿ ಇವರು ಅಮೆರಿಕದಲ್ಲಿ ಪ್ರವಾಸದಿಂದ ಅತಿ ಹೆಚ್ಚು ಗಳಿಸೋ ಬ್ಯಾಂಡ್‌ಗಳ ಸಾಲಿನಲ್ಲಿದ್ರು. ಗುಡ್‌ವಿಲ್ ಅನ್ನೋದು ಕಣ್ಣಿಗೆ ಕಾಣದ ಆಸ್ತಿ ಅಂತ ಓದ್ತೀವಲ್ಲ, ಅದು ಇಲ್ಲಿ ಕಿವಿಗೆ ಕೇಳುತ್ತೆ.

10/10
ಕೊನೇ ಪೋಸ್ಟ್. ಲೆಕ್ಕ ಮುಗಿಸೋಣ.

2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ದೇಶ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಕಾರ್ನೆಲ್ ಟೇಪನ್ನ ಸೇರಿಸಿತು. ಗೋದಾಮಿನ ಬಾಡಿಗೆಗೆ ಹರಾಜಾದ ಸಾಮಾನು ರಾಷ್ಟ್ರದ ಆಸ್ತಿ ಆಯ್ತು! 2017ರಲ್ಲಿ, 40 ವರ್ಷ ತುಂಬಿದಾಗ, ಅಧಿಕೃತ ಆಲ್ಬಮ್ಮೂ ಬಂತು.

ಎಲ್ಲವೂ ಸುಖಾಂತ ಅಂದ್ಕೋಬೇಡಿ. 2005ರ ನವೆಂಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್‌ನಲ್ಲಿದ್ದ ಇವರ ಟೇಪ್‌ಗಳ ಡೌನ್‌ಲೋಡ್ ನಿಲ್ಲಿಸಿಬಿಟ್ರು. ಅಭಿಮಾನಿಗಳು ರೊಚ್ಚಿಗೆದ್ರು. ಲೆಶ್ ಕೂಡ, ಈ ನಿರ್ಧಾರದಲ್ಲಿ ನಾನಿಲ್ಲ ಅಂದ. ಕೆಲವೇ ದಿನಗಳಲ್ಲಿ ರಾಜಿ: ಪ್ರೇಕ್ಷಕರು ಮಾಡಿದ ರೆಕಾರ್ಡಿಂಗ್ ಡೌನ್‌ಲೋಡ್ ಮಾಡಬಹುದು, ಸೌಂಡ್‌ಬೋರ್ಡ್‌ನಿಂದ ಬಂದದ್ದು ಕೇಳೋಕೆ ಮಾತ್ರ. ಬ್ಯಾಂಡಿಗೂ ತನ್ನ ಸಂಗೀತದಿಂದ ಬದುಕೋ ಹಕ್ಕಿದೆ, ನಿಜ. ಆದ್ರೆ ದಶಕಗಟ್ಟಲೆ ಅದನ್ನ ಉಳಿಸಿ ಹಂಚಿದವರು ಕೇಳುಗರು. ಇಬ್ಬರ ಮಾತಲ್ಲೂ ನ್ಯಾಯ ಇದೆ ಅನ್ಸುತ್ತೆ. ನನಗೆ ಹೆಚ್ಚು ಕಾಡೋದು ಮೂರನೆಯವರು. ರೀಲ್ ಸುತ್ತಿದವಳು ಬಾಡಿಗೆ ಕಟ್ಟೋಕಾಗದೆ ಅದನ್ನ ಕಳ್ಕೊಂಡಳು. ಬಿಟ್ಟಿ ಹಂಚಿದ್ದರಿಂದ ಸಂಗೀತ ಉಳೀತು ಅಂತ ನಾವು ಹಾಡಿ ಹೊಗಳೋವಾಗ ಆ ಖರ್ಚನ್ನ ಯಾವ ಖಾತೆಗೆ ಬರೀತೀವಿ?

ಎಲ್ಲಿಂದ ಶುರು ಮಾಡಬೇಕು ಅನ್ನೋರಿಗೆ ನನ್ನ ಕ್ರಮ:
1. ಕಾರ್ನೆಲ್, 8 ಮೇ 1977: 'ಸ್ಕಾರ್ಲೆಟ್'ನಿಂದ 'ಫೈರ್'ವರೆಗೆ
2. ಹಾರ್ಪರ್ ಕಾಲೇಜು, 2 ಮೇ 1970: ಅಕೂಸ್ಟಿಕ್ ಭಾಗ
3. ಲಂಡನ್, 26 ಮೇ 1972: 'ಮಾರ್ನಿಂಗ್ ಡ್ಯೂ'
4. ನಸ್ಸಾವ್ ಕಲಿಸಿಯಂ, 29 ಮಾರ್ಚ್ 1990: 'ಐಸ್ ಆಫ್ ದಿ ವರ್ಲ್ಡ್'. ಜಾಝ್ ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅತಿಥಿ. ಮೊದಲ ಸಲ ಇವರ ಜೊತೆ ನುಡಿಸ್ತಿದ್ದಾನೆ ಅಂತ ನಂಬೋಕೆ ಆಗಲ್ಲ
5. ವೆನೀಟಾ, 27 ಆಗಸ್ಟ್ 1972: 'ಡಾರ್ಕ್ ಸ್ಟಾರ್'
6. ಆಮೇಲೆ 1969ರ 'ಡಾರ್ಕ್ ಸ್ಟಾರ್'. ಇದನ್ನ ಕೊನೆಗೆ ಇಟ್ಟಿದ್ದು ಬೇಕಂತಲೇ

ಒಂದೇ ವಿನಂತಿ. ಈ ಟೇಪ್‌ಗಳ ಡಬ್ಬಿ ಮೇಲೆ ಯಾರೋ ದಿನಾಂಕ, ಊರು, ಹಾಲ್ ಹೆಸರು ಬರೆದಿಟ್ಟಿದ್ದರಿಂದ ಇವತ್ತು ಇಷ್ಟು ಖಚಿತವಾಗಿ ಮಾತಾಡೋಕೆ ಆಗ್ತಿದೆ. ನಿಮ್ಮ ಫೋನಿನಲ್ಲೂ ಯಾವುದೋ ಕಾಲೇಜು ಫೆಸ್ಟಿನ, ಯಾವುದೋ ಕಚೇರಿಯ ರೆಕಾರ್ಡಿಂಗ್ ಇರುತ್ತೆ. ಇವತ್ತೇ ಅದಕ್ಕೊಂದು ಹೆಸರು ಕೊಡಿ: ಯಾವ ದಿನ, ಯಾವ ಊರು, ಯಾರು ಹಾಡಿದ್ದು. ಅದರ ಕೆಳಗೆ ಯಾರು ರೆಕಾರ್ಡ್ ಮಾಡಿದ್ದು ಅಂತಲೂ ಬರೀರಿ.

ಕೇಳಿದ ಮೇಲೆ ಯಾವುದು ಹಿಡಿಸ್ತು ಅಂತ ಕಾಮೆಂಟಿನಲ್ಲಿ ತಿಳಿಸಿ. 'ಡಾರ್ಕ್ ಸ್ಟಾರ್' ಹಿಡಿಸಲಿಲ್ಲ ಅಂದ್ರೂ ಪರವಾಗಿಲ್ಲ, ಜಗಳಕ್ಕೆ ಬನ್ನಿ.

#ಗ್ರೇಟ್‌ಫುಲ್‌ಡೆಡ್ #ಲೈವ್‌ಟೇಪ್ #ಬೆಟ್ಟಿಬೋರ್ಡ್ಸ್ #ಸಂಗೀತದಇತಿಹಾಸ #ಕನ್ನಡದಲ್ಲಿ